ಬಸವಣ್ಣ ಬೇಡವೆಂದ ಊರು

ನಮ್ಮ ಮನೆಯಲ್ಲಿ ಟ್ರಿಪ್ಪಿಗೆ ಯಾವ ಊರು ಎಂದು ನಿರ್ಧರಿಸುತ್ತಿದ್ದುದು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ದೇವರ ಗೂಡಿನಲ್ಲಿ ಕಾಲು ಮಡಿಚಿ ಕೂತಿದ್ದ, ಅಂಗೈಯಷ್ಟೇ ದೊಡ್ಡದಾದ ಬೆಳ್ಳಿಯ ಬಸವಣ್ಣ.

ಐವತ್ತರ ದಶಕದ ಕೊನೆಯ ಮಾತು. ತುಮಕೂರಿನಲ್ಲಿ ನಮ್ಮದು ಬಾಡಿಗೆಯ ಹಂಚಿನ ಮನೆ. ಅಜ್ಜಿ, ಅಪ್ಪ, ಅಮ್ಮ, ನಾನು. ಅಪ್ಪ ಒಂದು ಪ್ರೈವೇಟ್ ಬಸ್ ಸರ್ವಿಸಿನಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್. ಸಂಕ್ರಾಂತಿಯಿಂದ ಶಿವರಾತ್ರಿ ಕಳೆಯುವವರೆಗೆ ಅವರ ಮುಖ ಕಾಣುವುದೇ ಅಪರೂಪವಾಗುತ್ತಿತ್ತು. ಮಠದ ಜಾತ್ರೆಗೆಂದು ಕ್ಯಾತ್ಸಂದ್ರದ ಕಡೆ ಹೋಗುವ ಬಸ್ಸುಗಳ ಟಾಪಿನ ಮೇಲೂ ಜನ. ಮನೆಯಲ್ಲೂ ರಷ್ಷೇ. ಜಾತ್ರೆಗೆಂದು ಬಂದ ನೆಂಟರು ಹಜಾರದ ತುಂಬ ಚಾಪೆ ಹಾಸಿಕೊಂಡು ಮಲಗಿರುತ್ತಿದ್ದರು; ಬಚ್ಚಲಿಗೆ ಕ್ಯೂ ನಿಲ್ಲಬೇಕು. ಅವರೆಲ್ಲ ಬುತ್ತಿ ಕಟ್ಟಿಸಿಕೊಂಡು ಹೊರಟು, ಬಸ್ಸುಗಳು ಅರ್ಧ ಖಾಲಿ ಓಡತೊಡಗಿದ ಮೇಲೆ ಅಪ್ಪನಿಗೆ ರಜೆ, ನಮಗೆ ಫ್ರೀ ಪಾಸು. ಊರಿನವರ ಹಾಲಿಡೇ ಮುಗಿದಾಗ ನಮ್ಮದು ಶುರು.

ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ನಮ್ಮಿಂದ ‘ಸ್ಪ್ರಿಂಗ್’ ಎಂದು ಎಸ್ಸೆ ಬರೆಸಿದ್ದರು. ಹಿಮ ಕರಗುತ್ತದೆ, ಕುರಿಮರಿಗಳು ಕುಣಿಯುತ್ತವೆ ಎಂದು ಬೋರ್ಡಿನ ಮೇಲಿದ್ದುದನ್ನು ನಾನೂ ನೀಟಾಗಿ ಕಾಪಿ ಮಾಡಿದ್ದೆ. ನಮ್ಮ ಸ್ಪ್ರಿಂಗಿನಲ್ಲಿ ಕರಗುತ್ತಿದ್ದುದು ರಸ್ತೆಯ ಟಾರು. ಆದರೂ ಅದೊಂದು ವಿಚಿತ್ರ ಸೀಸನ್. ಜನ ಬಂದು ಹೋದ ಜಾಗಗಳು ಪೂರ್ತಿ ಖಾಲಿಯಾಗಿರುವುದಿಲ್ಲ, ಏನೋ ಉಳಿದಿರುತ್ತದೆ. ದೇವರಾಯನದುರ್ಗದ ಮೆಟ್ಟಿಲುಗಳನ್ನು ನಾವು ನಾವೇ ಹತ್ತುವಾಗ, ನಮ್ಮ ಹಿಂದೆ ಇನ್ನೊಂದು ಜೊತೆ ಪುಟ್ಟ ಕಾಲು ಹತ್ತಿ ಬರುತ್ತಿರುವ ಹಾಗೆ ನನಗೆ ಕೇಳಿಸುತ್ತಿತ್ತು. ಹೇಳಿದರೆ ಅಪ್ಪ ಅದು ಎಕೋ ಎಂದು ಸೈನ್ಸ್ ಪಾಠ ಮಾಡುತ್ತಿದ್ದರು. ಅಮ್ಮ ಮಾತ್ರ ನಿಂತು ಹಿಂತಿರುಗಿ ನೋಡುತ್ತಿದ್ದಳು.

ಊರು ಆರಿಸುವ ಕ್ರಮ ಹೀಗೆ. ಒಂದು ಸೋಮವಾರ ಬೆಳಗ್ಗೆ ಅಜ್ಜಿ ಸ್ನಾನ ಮಾಡಿ, ಹಿತ್ತಿಲಿನ ಕಣಗಿಲೆ ಗಿಡದಿಂದ ಹೂ ಕಿತ್ತು ತಂದು, ನೀರಿನಲ್ಲಿ ಅದ್ದಿ, ಬಸವಣ್ಣನ ಎರಡು ಕೊಂಬಿಗೂ ಒಂದೊಂದು ಅಂಟಿಸುತ್ತಿದ್ದಳು. ಆಮೇಲೆ ಊರಿನ ಹೆಸರು ಹೇಳಿ ಅಪ್ಪಣೆ ಕೇಳುವುದು. ಬಲಗಡೆಯ ಹೂ ಮೊದಲು ಬಿದ್ದರೆ ಹೋಗಬಹುದು, ಎಡಗಡೆಯದು ಬಿದ್ದರೆ ಕೂಡದು. ಹೆಣ್ಣು ಕೊಡುವುದಕ್ಕೆ, ಬಾವಿ ತೋಡಿಸುವುದಕ್ಕೆ ಜನ ಹೂ ಕೇಳುತ್ತಿದ್ದರು; ಪಿಕ್‌ನಿಕ್ಕಿಗೆ ಕೇಳುತ್ತಿದ್ದವರು ಬಹುಶಃ ನಾವೊಬ್ಬರೇ. ಮನೆಯ ಎಲ್ಲರ ಚಾಯ್ಸನ್ನೂ ಅಜ್ಜಿ ಕೇಳುತ್ತಿದ್ದಳು, ಅದರಲ್ಲಿ ಪಾರ್ಷಿಯಾಲಿಟಿ ಇರಲಿಲ್ಲ. ತಂಗಿಯ ಮನೆ ಅಲ್ಲಿದ್ದುದರಿಂದ ಅಜ್ಜಿಯದು ಗುಬ್ಬಿ. ತಂಪು ಎಂದು ಅಪ್ಪನದು ದೇವರಾಯನದುರ್ಗ. ನನ್ನದು ಬೆಂಗಳೂರಿನ ಲಾಲ್‌ಬಾಗು. ಅಮ್ಮನದು ಪ್ರತಿ ವರ್ಷವೂ ಕುಣಿಗಲ್.

ಲಾಲ್‌ಬಾಗಿಗೆ ಬಸವಣ್ಣ ಒಂದು ಸಲ ಒಪ್ಪಿದ್ದ. ಗುಬ್ಬಿಗೆ ಬೇಕಾದಷ್ಟು ಸಲ. ಕುಣಿಗಲ್‌ಗೆ ಎಂದೂ ಇಲ್ಲ. ಅಮ್ಮ ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಎಡಗಡೆಯ ಹೂ ತಟ್ಟೆಗೆ ಬಿದ್ದ ಕೂಡಲೇ ಅಡುಗೆಮನೆಗೆ ಹೋಗುತ್ತಿದ್ದಳು.

ಕುಣಿಗಲ್‌ನಲ್ಲಿ ನನ್ನ ಅಕ್ಕ ಇದ್ದಳು. ಇದ್ದಳು ಎಂದೇ ಅಮ್ಮ ಹೇಳುತ್ತಿದ್ದುದು. ನಾನು ಹುಟ್ಟುವುದಕ್ಕೆ ಮೊದಲು ಅಪ್ಪ ಆ ಊರಿನ ಲೈನಿನಲ್ಲಿ ಕೆಲಸ ಮಾಡುತ್ತಿದ್ದಾಗ, ಹಲ್ಲು ಬರುವ ವಯಸ್ಸಿನಲ್ಲಿ, ಚಿತ್ತೆ ಮಳೆ ಹಿಡಿದ ವಾರ, ಜ್ವರ ಬಂದು ಹೋಗಿಬಿಟ್ಟಿತು ಮಗು. ಎಳೆಯ ಕೂಸನ್ನು ಕೆರೆಯ ಅಂಗಳದಲ್ಲಿ, ಅಂದರೆ ಬೇಸಿಗೆಯಲ್ಲಿ ನೀರು ಸರಿದು ನೆಲ ಬಿಡುವ ಜಾಗದಲ್ಲಿ, ಮಣ್ಣು ಮಾಡಿದ್ದರು; ಆ ವರ್ಷ ಕೆರೆ ಆಗಿನ್ನೂ ತುಂಬಿರಲಿಲ್ಲ. ಮಣ್ಣಿಗೆ ಹೆಂಗಸರು ಹೋಗುವಂತಿರಲಿಲ್ಲ. ಮಾರನೆಯ ದಿನ ಅಪ್ಪ ಹೋಗಿ ನೋಡಿ ಬಂದು, ಒಳ್ಳೆಯ ಜಾಗ, ಮೇಲೊಂದು ದೊಡ್ಡ ಹೊಂಗೆ ಮರ ಇದೆ, ನೆರಳಿದೆ ಎಂದು ಹೇಳಿದ್ದರಂತೆ. ಆಮೇಲೆ ತುಮಕೂರಿಗೆ ವರ್ಗ. ಆ ಮರವನ್ನು, ಅದರ ಕೆಳಗಿನ ನೆಲವನ್ನು ಒಂದು ಸಲ ಕಣ್ಣಾರೆ ನೋಡಬೇಕು. ಅಮ್ಮನಿಗೆ ಬೇಕಾಗಿದ್ದುದು ಅಷ್ಟೇ. ಅದಕ್ಕೆ ಇದೇ ಕಾಲ ಆಗಬೇಕು. ಮಳೆಗಾಲ ಬಂದರೆ ಅಲ್ಲೆಲ್ಲ ನೀರು.

ಒಂದು ಕೂಸು ಉಳಿಯದಿದ್ದ ಮನೆಯಲ್ಲಿ ಹುಟ್ಟಿದವಳೆಂದು ನನ್ನನ್ನು ತಿಪ್ಪೆಯ ಮೇಲೆ ಹೊರಳಾಡಿಸಿ, ಮೊರದಲ್ಲಿಟ್ಟು, ಪಕ್ಕದ ಮನೆಯವರಿಗೆ ತೌಡಿಗೆ ಮಾರಿ, ವಾಪಸು ಕೊಂಡಿದ್ದರು. ಯಮ ಬಂದರೆ ಇದು ಬೇಡದ ಮಗು ಎಂದುಕೊಂಡು ಹೋಗಲಿ ಎಂದು ಒಂದು ಒರಟು ಹೆಸರನ್ನೂ ಇಟ್ಟಿದ್ದರು. ಕಾನ್ವೆಂಟಿಗೆ ಸೇರಿಸುವಾಗ ಆ ಹೆಸರು ಕೇಳಿ ನಕ್ಕ ಸಿಸ್ಟರಿಗೆ ಅಪ್ಪ ಅಲ್ಲೇ ನಿಂತು ಬೇರೆ ಹೆಸರು ಬರೆಸಿದರು. ಮನೆಗೆ ಬಂದು ಹೇಳಿದಾಗ ಅಮ್ಮನ ಮುಖ ಬಿಳಿಚಿಕೊಂಡಿತು. ಆ ವರ್ಷವೆಲ್ಲ ನನಗೆ ನೆಗಡಿಯಾದರೂ ಹಾಸಿಗೆಯ ಪಕ್ಕ ಕೂತವಳು ಏಳುತ್ತಿರಲಿಲ್ಲ. ಏನು ತಂದರೂ ಮೊದಲ ತುತ್ತು ನನಗೆ. ಆದರೆ ನನ್ನ ತಲೆ ಬಾಚುತ್ತ ಬಾಚುತ್ತ ಅವಳ ಕೈ ನಿಂತುಬಿಡುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅವಳು ನನ್ನ ಪಕ್ಕದ ಖಾಲಿ ಮಣೆಯ ಮೇಲೆ ಯಾರೋ ಕೂತಿರುವಂತೆ ಅದನ್ನೇ ನೋಡುತ್ತಿರುತ್ತಿದ್ದಳು. ಅಕ್ಕ ನನಗಿಂತ ಕೊಂಚ ಎತ್ತರ ಇರುತ್ತಿದ್ದಳು ಎಂದು ನಾನೂ ಲೆಕ್ಕ ಹಾಕುತ್ತಿದ್ದೆ. ನನಗಿಂತ ಮೊದಲೇ ಅವಳು ಕಾನ್ವೆಂಟು ಸೇರಿರುತ್ತಿದ್ದಳು. ಅವಳ ಹಳೆಯ ಯೂನಿಫಾರ್ಮು ನನಗೆ ಬರುತ್ತಿತ್ತು.

ನಾನು ಮಿಡ್ಲ್ ಸ್ಕೂಲಿಗೆ ಬಂದ ವರ್ಷ, ಶಿವರಾತ್ರಿಯ ನೆಂಟರು ಹೋದ ಬೆನ್ನಿಗೇ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡು ಮಲಗಿದಳು. ಆ ಸೋಮವಾರ ಹೂ ಇಡುವ ಕೆಲಸ ನನಗೆ ಬಂತು. ಅಜ್ಜಿ ಮಂಚದಿಂದಲೇ ಡೈರೆಕ್ಷನ್ ಕೊಡುತ್ತಿದ್ದಳು. ಗುಬ್ಬಿ ಎಂದೆ, ಎಡಗಡೆಯದು ಬಿತ್ತು. ದೇವರಾಯನದುರ್ಗ, ಮತ್ತೆ ಎಡ. ಕುಣಿಗಲ್ ಎಂದು ಹೇಳುವಾಗ ಅಜ್ಜಿ ಇದ್ದಕ್ಕಿದ್ದಂತೆ, ತಡಿ ತಡಿ, ಬಲಗಡೆ ಹೂವಿಗೆ ಒಂಚೂರು ಗಂಧ ಹಚ್ಚು ಎಂದಳು. ಅಷ್ಟರಲ್ಲಿ ಹೂ ಬಿದ್ದೇ ಬಿಟ್ಟಿತ್ತು.

“ಯಾವ್ದು ಬಿತ್ಲೇ?”

“ಬಲಗಡೇದು, ಅಜ್ಜಿ.”

ಅಮ್ಮ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ತಟ್ಟೆಯಲ್ಲಿದ್ದ ಹೂವನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದಳು. ಆಮೇಲೆ ಸರಸರನೆ ಹಿತ್ತಿಲಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನೇ ಮತ್ತೆ ಹಿಂಡತೊಡಗಿದಳು. ಅಜ್ಜಿ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಮಗನಿಗೆ ಹೇಳಿದಳು.

“ಇನ್ನು ನಿಂದು ಕಣಪ್ಪ. ನಾನು ಎಷ್ಟು ವರ್ಷ ಅಂತ ಗಂಧ ಮೆತ್ತಿ ಹೂವು ನಿಲ್ಲಿಸ್ಲಿ?”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು. ಅಂದರೆ ಇಷ್ಟು ವರ್ಷ ಬೇಡವೆಂದಿದ್ದುದು ಬಸವಣ್ಣನಲ್ಲ. ಯಾಕೆ ಎಂದು ನಾನು ಅಜ್ಜಿಯನ್ನು ಕೇಳಿದೆ. ನಿಮ್ಮಪ್ಪನ್ನ ಕೇಳು ಎಂದಳು. ಅಪ್ಪನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಅಜ್ಜಿಯನ್ನು ನೋಡಿಕೊಳ್ಳಲು ಗುಬ್ಬಿಯಿಂದ ಅವಳ ತಂಗಿ ಬಂದ ಮೇಲೆ ನಾವು ಮೂವರೂ ಹೊರಟೆವು. ಹೆಬ್ಬೂರಿನ ಮೇಲೆ ಹೋಗುವ ಬಸ್ಸು, ಹೆಚ್ಚು ಜನ ಇರಲಿಲ್ಲ. ಅಮ್ಮ ಮದುವೆಯ ರೇಶ್ಮೆ ಸೀರೆ ಉಟ್ಟಿದ್ದಳು. ಮೊರದ ಬಾಗಿನ ಕೊಡಲು ಹೊರಟವಳಂತೆ ಅರಿಶಿನ, ಕುಂಕುಮ, ಒಂದು ಗಾಜಿನ ಬಳೆಯನ್ನು ಕೈಚೀಲದಲ್ಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಹೊಂಗೆ ಮರಗಳು ಎಳೆಯ ಹಸಿರು ಬಿಟ್ಟು ನಿಂತಿದ್ದವು. ಅದೇ ಅಲ್ವಾ ಹೊಂಗೆ, ಅದೇ ಅಲ್ವಾ ಎಂದು ಅಮ್ಮ ಚಿಕ್ಕವಳಂತೆ ಪ್ರತಿಯೊಂದನ್ನೂ ತೋರಿಸುತ್ತಿದ್ದಳು. ಅಷ್ಟು ಮಾತಾಡಿದ ಅಮ್ಮನನ್ನು ನಾನು ಕಂಡಿರಲಿಲ್ಲ. ಅಪ್ಪ ಕಿಟಕಿಯ ಕಡೆ ತಿರುಗಿದವರು ತಿರುಗಿಯೇ ಇದ್ದರು. ಕಂಡಕ್ಟರು ಬಂದು, ಏನ್ ಸಾರ್, ರಷ್ಷೆಲ್ಲ ಮುಗಿದ ಮೇಲೆ ಫ್ಯಾಮಿಲಿ ಟೂರಾ ಎಂದು ತಮಾಷೆ ಮಾಡಿದ.

ಕುಣಿಗಲ್ ಕೆರೆಯ ಏರಿಯ ಮೇಲೆ ಯಾರೂ ಇರಲಿಲ್ಲ. ನೀರು ದೂರಕ್ಕೆ ಸರಿದು, ನಮ್ಮ ಮುಂದೆ ಬಿರುಕು ಬಿಟ್ಟ ಕಪ್ಪು ನೆಲ ಬಿದ್ದುಕೊಂಡಿತ್ತು. ಏರಿಯಿಂದ ಸುತ್ತಿ ಬಂದು ಅಂಗಳಕ್ಕಿಳಿದೆವು. ಅಪ್ಪ ಮುಂದೆ, ಅಮ್ಮ ಹಿಂದೆ, ನಾನು ಅವಳ ಹಿಂದೆ. ಅಪ್ಪ ಒಂದು ಕಡೆ ನಿಂತರು. ಸುತ್ತ ನೋಡಿದರು. ಮತ್ತೆ ನಡೆದರು. ದನಗಳ ಗೊರಸಿನ ಗುರುತುಗಳು ಒಣಗಿ ಬಟ್ಟಲುಗಳಂತಾಗಿದ್ದವು. ಅಮ್ಮ ಅವುಗಳನ್ನು ತುಳಿಯದೆ ಒಂದೊಂದನ್ನೂ ದಾಟುತ್ತಿದ್ದಳು. ಎಲ್ಲಿ ಕಾಲಿಟ್ಟರೆ ಏನೋ ಎಂಬಂತೆ. ಅವಳನ್ನು ನೋಡಿ ನನಗೂ ಕಾಲಿಡಲು ಭಯವಾಯಿತು. ಅಂಚಿನಲ್ಲಿ ಇದ್ದುದೆಲ್ಲ ಜಾಲಿಯ ಗಿಡಗಳು. ಕಣ್ಣು ಹಾಯುವವರೆಗೂ ಜಾಲಿಯೇ. ಹೊಂಗೆ ಒಂದೂ ಇರಲಿಲ್ಲ.

ಅಪ್ಪ ಮತ್ತೊಂದು ಕಡೆ ನಿಂತು, ಇಲ್ಲೇ ಇರಬೇಕು, ಮರ ಕಡಿದಿದ್ದಾರೆ ಅನ್ಸುತ್ತೆ ಎಂದರು. ಅಮ್ಮ ಕೆಳಗೆ ನೋಡಿದಳು. ಬುಡವಾಗಲಿ ಬೇರಾಗಲಿ ಇರಲಿಲ್ಲ.

“ನಿಮಗೆ ಜಾಗ ಗೊತ್ತಿಲ್ಲ, ಅಲ್ವಾ?” ಅಂದಳು.

ಅಪ್ಪ ಕೊಡೆಯ ತುದಿಯಿಂದ ಮಣ್ಣನ್ನು ಕೆದಕುತ್ತ ನಿಂತರು. ಆಮೇಲೆ ಹೇಳಿದರು, ನಿಧಾನಕ್ಕೆ, ಕೋರ್ಟಿನಲ್ಲಿ ಹೇಳುವವರ ಹಾಗೆ. ಮಗು ಹೋದ ದಿನ ಅವರು ಅಮೃತೂರಿನ ಲೈನಿನಲ್ಲಿದ್ದರು, ಮಳೆಗೆ ರಸ್ತೆ ಕೊಚ್ಚಿ ಅಲ್ಲೇ ಸಿಕ್ಕಿಕೊಂಡರು. ಕಾಯುವ ಹಾಗಿರಲಿಲ್ಲವೆಂದು ಪಕ್ಕದ ಮನೆಯ ಯಜಮಾನರೇ ಮಗುವನ್ನು ತೆಗೆದುಕೊಂಡು ಹೋಗಿದ್ದರು. ಇಷ್ಟು ಅಮ್ಮನಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮಾರನೆಯ ದಿನದ ಮಾತು.

“ನಾನು ಬರೋ ಹೊತ್ತಿಗೆ ಕೆರೆ ತುಂಬ್ಕೊಂಡಿತ್ತು ಕಣೇ. ಅವರು ಏರಿ ಮೇಲೆ ನಿಂತು ಕೈ ತೋರ್ಸಿದ್ರು, ಆ ಕಡೆ ಅಂತ. ನಾನು ನೋಡಿದ್ದು ಬರೀ ನೀರು.”

“ಹೊಂಗೆ ಮರ?”

“ನೀನು ಕೇಳ್ತಾನೇ ಇದ್ದೆ, ಹೆಂಗಿದೆ ಜಾಗ, ಹೆಂಗಿದೆ ಜಾಗ ಅಂತ. ಏನಾದ್ರೂ ಹೇಳ್ಬೇಕಿತ್ತು.”

ಜಾಗ ಗೊತ್ತಿದ್ದ ಆ ಯಜಮಾನರು? ಮುಂದಿನ ವರ್ಷವೇ ತೀರಿಕೊಂಡರು. ಅಪ್ಪ ಹೇಳಿಕೊಂಡಿದ್ದುದು ಅಜ್ಜಿಯೊಬ್ಬಳಿಗೇ.

ಅಮ್ಮ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಬೈಯಲಿಲ್ಲ. ನೀರಿನ ಕಡೆಗೆ ತಿರುಗಿ ಆ ಅಷ್ಟಗಲದ ನೆಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇಷ್ಟು ವರ್ಷ ಅವಳ ಪಾಲಿಗೆ ಒಂದು ಮರದ ನೆರಳಿನಷ್ಟು ಜಾಗವಾಗಿದ್ದುದು ಈಗ ಇಡೀ ಕೆರೆಯಾಗಿತ್ತು. ಚೀಲದಿಂದ ಕುಂಕುಮ ತೆಗೆದಳು, ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಳು.

ಸ್ವಲ್ಪ ದೂರದಲ್ಲಿ, ಹಸಿ ಆರದ ನೆಲದಲ್ಲಿ, ಒಬ್ಬ ಹೆಂಗಸು ಸೌತೆ ಬಳ್ಳಿ ಹಬ್ಬಿಸಿಕೊಂಡು ಕಾವಲು ಕೂತಿದ್ದಳು. ನಮ್ಮನ್ನು ಆಗಿನಿಂದ ನೋಡುತ್ತಿದ್ದಳೆಂದು ಕಾಣುತ್ತದೆ. ಬಿಸಿಲಲ್ಲಿ ಏನು ಹುಡುಕುತ್ತಿದ್ದೀರೆಂದು ಕೂಗಿ ಕೇಳಿದಳು. ಏನಿಲ್ಲಮ್ಮ, ಕೆರೆ ನೋಡೋಕೆ ಬಂದ್ವಿ ಎಂದಳು ಅಮ್ಮ.

“ಬರೀ ಕೆರೆ ಏನ್ ನೋಡ್ತೀರವ್ವ? ತುಂಬಿದಾಗ ಬರ್ಬೇಕು, ಜನವೋ ಜನ.” ನಗುತ್ತ ಬಳ್ಳಿಯಿಂದ ಒಂದು ಎಳೆಯ ಸೌತೆಕಾಯಿ ಕಿತ್ತು ತಂದು ಅಮ್ಮನ ಕೈಗೆ ಕೊಟ್ಟಳು. “ತಿನ್ನಿ, ಬಾಯಾರ್ಕೆ ಹೋಯ್ತದೆ. ಈ ಅಂಗಳದ ಮಣ್ಣಿಗೆ ಗೊಬ್ರನೇ ಬೇಡ ಬುಡಿ.”

ಅವಳು ತನ್ನ ಗುಡಿಸಲಿಗೆ ಹೊರಟುಹೋದಳು. ಅಮ್ಮ ಸೌತೆಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅದರ ಮೇಲೆ ಒದ್ದೆ ಮಣ್ಣು ಮೆತ್ತಿಕೊಂಡಿತ್ತು. ಎಸೆದುಬಿಡುತ್ತಾಳೆಂದು ನನಗನ್ನಿಸಿತು, ಅಪ್ಪನಿಗೂ ಅನ್ನಿಸಿರಬೇಕು, ಬಿಸಾಕು ಕಣೇ ಎಂದು ಮೆಲ್ಲಗೆ ಹೇಳಿದರು. ಅಮ್ಮ ನೆಲದ ಮೇಲೆ, ಆ ರೇಶ್ಮೆ ಸೀರೆಯಲ್ಲೇ, ಕೂತಳು. ಮಗುವಿನ ಮುಖ ಒರೆಸುವಂತೆ ಸೆರಗಿನಿಂದ ಅದನ್ನು ಒರೆಸಿದಳು. ಆಮೇಲೆ ತಿನ್ನತೊಡಗಿದಳು. ಅವಸರವಿಲ್ಲದೆ, ಸಿಪ್ಪೆ, ಬೀಜ ಎಲ್ಲವನ್ನೂ. ಕಹಿಯಾದ ತೊಟ್ಟನ್ನೂ ಉಗಿಯಲಿಲ್ಲ.

ನನಗೆ ಬಾಯಾರಿತ್ತು. ಅಭ್ಯಾಸ ನೋಡಿ, ಕೈ ಚಾಚಿದೆ.

“ನಿಂಗಲ್ಲ ಕಣೇ ಇದು,” ಎಂದಳು ಅಮ್ಮ. ಸಿಟ್ಟಿನಿಂದಲ್ಲ.

ಅಪ್ಪ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು. ಅವಳು ತಿಂದು ಮುಗಿಸುವವರೆಗೂ ಹಾಗೇ ಹಿಡಿದು ನಿಂತಿದ್ದರು. ನಾನು ಬಿಸಿಲಲ್ಲಿ ನಿಂತಿದ್ದೆ.