ಏರದ ಸಿಆರ್‌ಪಿ

ವಿಜಯಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು ನಾನು. ನನಗೆ ತೀರಾ ಪ್ರೀತಿಯ ಪಾಠ ಒಂದಿತ್ತು: ಸಸ್ತನಿಗಳ ಉರಿಯೂತದ ಪ್ರೋಟೀನುಗಳು. ಒಂದೇ ಮೂಲದಿಂದ ಕವಲೊಡೆದು ಬಂದ ದಾಯಾದಿಗಳು ಅವು. ಮೈಯೊಳಗೆ ಉರಿ ಎದ್ದರೆ ಮನುಷ್ಯನ ರಕ್ತದಲ್ಲಿ ಸಿಆರ್‌ಪಿ ಎಂಬುದು ಸರ್ರನೆ ಏರುತ್ತದೆ. ಇಲಿಯಲ್ಲಿ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಆ ಕೆಲಸ ಅದರ ದಾಯಾದಿಯ ಪಾಲಿಗೆ ಬಂದಿದೆ. "ಸಿಆರ್‌ಪಿ ಏರಿಲ್ಲಂದ್ರ ಇಲಿ ಆರಾಮ ಐತಿ ಅಂತ ತಿಳೀಬ್ಯಾಡ್ರಿ" ಎಂದು ಪ್ರತಿ ವರ್ಷ ಜಂಬದಿಂದ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ತಂಗಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೆವು. ಮದುವೆಯಾದ ನಾಲ್ಕನೇ ವರ್ಷ ಅವಳ ಬೆರಳಿನ ಗೆಣ್ಣುಗಳು ನೋಯತೊಡಗಿದವು. ಹಿಟ್ಟು ನಾದಿ, ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಎದ್ದುಬಿಡುತ್ತಿದ್ದಳು. "ನಿಮ್ಮ ತಂಗಿ ಮೈಗಳ್ಳಿ ಆಗ್ಯಾಳ್ರಿ" ಎಂದು ಅವಳ ಅತ್ತೆ ನನಗೇ ಫೋನ್ ಮಾಡಿದರು. ಓದಿದವಳೆಂದು ಎರಡೂ ಮನೆಗೆ ನನ್ನ ಮಾತೇ ಕೊನೆ.

ಒಂದು ದಿನ ತಂಗಿ ರಕ್ತಪರೀಕ್ಷೆಯ ರಿಪೋರ್ಟು ಹಿಡಿದು ಬಸ್ಸಿಳಿದವಳೇ ಸೀದಾ ಕಾಲೇಜಿಗೆ ಬಂದಳು. ನನಗೆ ತರಗತಿಗೆ ಹೊತ್ತಾಗಿತ್ತು. ವರಾಂಡದಲ್ಲೇ ನಿಂತು ಸಿಆರ್‌ಪಿಯೊಂದನ್ನೇ ನೋಡಿದೆ, ಉರಿಯನ್ನೇ ತೋರಿಸುವ ಇನ್ನೊಂದು ಪರೀಕ್ಷೆಯಿದ್ದ ಕೆಳಗಿನ ಸಾಲು ಓದಲಿಲ್ಲ.

"ಏನೂ ಇಲ್ಲ ಬೇ, ನಾರ್ಮಲ್ ಐತಿ. ಸುಮ್ನ ಮನಸ್ಸಿಗೆ ಹಚ್ಚಿಕೊಂಡಿ."

"ಆದ್ರ ನೋಯಾಕತ್ತೈತಲ್ಲಕ್ಕಾ."

"ಉರಿ ಇದ್ದಿದ್ರ ಇದರಾಗ ಕಾಣತಿತ್ತು" ಎಂದೆ. ಅವಳ ಅತ್ತೆಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಮರುದಿನದಿಂದ ತಂಗಿ ತುಟಿಪಿಟಕ್ಕೆನ್ನದೆ ರೊಟ್ಟಿ ಬಡಿದಳು.

ಹತ್ತು ತಿಂಗಳ ಮೇಲೆ ಮುಖ, ಕಾಲು ಬಾತುಕೊಂಡು ಆಸ್ಪತ್ರೆ ಸೇರಿದಳು. ಮೈ ತನ್ನನ್ನೇ ತಾನು ತಿನ್ನುವ ಲೂಪಸ್ ಎಂಬ ರೋಗ. ಮೂತ್ರಪಿಂಡ ಎರಡೂ ಕೆಟ್ಟಿದ್ದವು. "ಈ ರೋಗದಾಗ ಎಷ್ಟೋ ಮಂದಿಗೆ ಸಿಆರ್‌ಪಿ ಏರೂದಿಲ್ರಿ ಮೇಡಂ" ಎಂದರು ಡಾಕ್ಟರು. ಇಲಿಯ ವಿಷಯದಲ್ಲಿ ಇಟ್ಟುಕೊಂಡ ಅನುಮಾನವನ್ನು ಒಡಹುಟ್ಟಿದವಳ ವಿಷಯದಲ್ಲಿ ಇಟ್ಟುಕೊಳ್ಳಲಿಲ್ಲ ನಾನು.

ಬದುಕುತ್ತೇನೋ ಇಲ್ಲವೋ ಎಂದು ಅವಳು ಕೇಳಲೇ ಇಲ್ಲ. ಹಾಸಿಗೆಯ ಪಕ್ಕ ಕೂತಿದ್ದ ಅತ್ತೆಯ ಕಡೆ ನೋಡಿ, "ಅಕ್ಕಾ, ನಾ ಸುಳ್ಳ ಹೇಳಾಕತ್ತಿರಲಿಲ್ಲಂತ ಅತ್ತಿಯವರಿಗೆ ಹೇಳ" ಅಂದಳು.

ಹೇಳಿದೆ. ಆ ಹೆಂಗಸು ಸೊಸೆಯ ಎರಡೂ ಕೈ ಹಿಡಿದುಕೊಂಡು, "ನನ್ನದ ತಪ್ಪಾತವ್ವಾ" ಎಂದು ಗೋಳಾಡಿ ಅತ್ತರು. ಆ ಮಾತು ನಾನು ಆಡಬೇಕಾದದ್ದು. ನಾಳೆ ತಂಗಿಯೊಬ್ಬಳೇ ಇದ್ದಾಗ ಹೇಳೋಣ ಎಂದುಕೊಂಡು ಎದ್ದು ಬಂದೆ. ಬೆಳಗಿನ ಜಾವ ಅವಳ ಉಸಿರು ನಿಂತಿತ್ತು; ನಾನು ಹೋಗುವಷ್ಟರಲ್ಲಿ ಹಾಸಿಗೆ ಖಾಲಿ ಮಾಡಿದ್ದರು.