ಅಕ್ಕನ ಕೈಯಲ್ಲಿದ್ದ ಫ್ಯಾನು

ಇವತ್ತು ಹೊಸಹಳ್ಳಿಯಲ್ಲಿ ಮೆಟ್ರೋ ಇಳಿದು ಭಾವನ ಮನೆಯ ಕಡೆಗೆ ನಡೆಯುತ್ತಿದ್ದೆ. ಮುಂದೆ ಒಂದು ಹಳೆಯ ಕಾರು ಬಂದು ಎಳನೀರಿನ ಗಾಡಿಯ ಪಕ್ಕ ನಿಂತಿತು. ಓಡಿಸುತ್ತಿದ್ದವರು ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದರು. ಒಳಗೆ ಇನ್ಯಾರೂ ಇಲ್ಲ. ಆದರೂ ಕಾರಿನ ಮೂತಿಯೊಳಗಿಂದ ಗುಂಯ್ ಎಂದು ಗಾಳಿ ಬೀಸುವ ಸದ್ದು ಬರುತ್ತಲೇ ಇತ್ತು. ಬೇಡದ ಉಸಾಬರಿ ನನ್ನ ಹುಟ್ಟುಗುಣ. “ಸಾರ್, ಫ್ಯಾನ್ ಓಡ್ತಾನೇ ಇದೆ,” ಎಂದೆ. ಅವರು ಎಳನೀರಿಗೆ ಕೈ ಚಾಚುತ್ತಾ, “ಓಡ್ಲಿ ಬಿಡಿ ಸಾರ್. ಯಾವಾಗ ನಿಲ್ಬೇಕು ಅಂತ ಅದಕ್ಕೇ ಗೊತ್ತು,” ಎಂದರು.

ಆ ಮಾತು ಕೇಳಿ ನನಗೆ ಅಕ್ಕನ ನೆನಪಾಯಿತು. ಕಾರಿನ ಫ್ಯಾನಿಗೂ ತೀರಿಹೋದ ನನ್ನ ಅಕ್ಕ ಗಿರಿಜೆಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಹೇಳಬೇಕಾದ್ದನ್ನು ನೇರವಾಗಿ ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೂ ಕಾರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಡ್ರೈವಿಂಗ್ ಕಲಿಸಲು ಬಂದ ಮೇಷ್ಟ್ರು ಒಂದು ವಾರ ನನ್ನ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂತು, ಕೊನೆಗೆ, “ಸಾರ್, ನಿಮ್ಮ ಮನೆ ಹತ್ರಾನೇ ಬಸ್ ಸ್ಟಾಪ್ ಇದೆಯಲ್ಲಾ,” ಎಂದಿದ್ದರು. ಅಂಥ ನಾನು ರೇಡಿಯೇಟರಿನ ಫ್ಯಾನಿನ ವಿಷಯ ಬಂದರೆ ಮಾತ್ರ ಅರ್ಧ ಗಂಟೆ ಭಾಷಣ ಬಿಗಿಯಬಲ್ಲೆ. ಕಾಲೇಜು ಮುಗಿಸಿ ಅಕ್ಕನ ಮನೆಯಲ್ಲೇ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಭಾವನ ಕಾರಿನ ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು ತಬ್ಬಿಕೊಂಡು ಕೂರುವುದು ನನ್ನ ಪಾಲಿಗೆ ಬಂದಿತ್ತು. ಆ ವಿದ್ಯೆಯೆಲ್ಲ ಅಲ್ಲಿ ಕೂತು ಕಲಿತದ್ದು.

ಎಂಜಿನ್ ಬಿಸಿಯಾಗುತ್ತದೆ, ಅದರ ಸುತ್ತ ನೀರು ಹರಿಯುತ್ತದೆ, ಕಾದ ನೀರು ಮುಂದಿರುವ ರೇಡಿಯೇಟರಿಗೆ ಬಂದು ಆರುತ್ತದೆ. ಕಾರು ಓಡುತ್ತಿರುವಾಗ ಎದುರುಗಾಳಿಯೇ ಆರಿಸುತ್ತದೆ. ನಿಂತಾಗ ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಫ್ಯಾನು. ಬಹಳ ಹಳೆಯ ಕಾರುಗಳಲ್ಲಿ ಅದನ್ನು ಬೆಲ್ಟ್ ಹಾಕಿ ಎಂಜಿನ್ನಿಗೇ ಕಟ್ಟಿರುತ್ತಿದ್ದರು. ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ, ಬೇಕಿರಲಿ ಬೇಡವಾಗಿರಲಿ. ಆಮೇಲೆ ಬಂದವುಗಳಲ್ಲಿ ಫ್ಯಾನಿಗೆ ಬೇರೆಯೇ ಮೋಟಾರು. ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ರಿಲೇ ಎಂಬ ಪುಟ್ಟ ಡಬ್ಬಿಗೆ, ಅಲ್ಲಿಂದ ಮೋಟಾರಿಗೆ ತಂತಿ. ಆದರೆ ಆ ಡಬ್ಬಿ ತಾನಾಗಿ ಕರೆಂಟು ಬಿಡುವುದಿಲ್ಲ. ರೇಡಿಯೇಟರಿನ ಮೈಗೆ ತಿರುಚಿ ಕೂರಿಸಿದ ಒಂದು ಹಿತ್ತಾಳೆಯ ಸ್ವಿಚ್ಚು ನೀರಿನ ಬಿಸಿ ನೋಡಿ ಹೂಂ ಎನ್ನಬೇಕು. ಅದು ಕೆಟ್ಟಿತೋ, ಬ್ಯಾಟರಿ ತುಂಬಿದ್ದರೂ ಫ್ಯಾನು ಅಲ್ಲಾಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದಂತೆ.

ಭಾವ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಈ ಪೂಜಾರಿ ಮೊದಲೇ ಮಲಗಿದ್ದ. ಮಾಗಡಿ ರಸ್ತೆಯಲ್ಲಿ ಒಂದು ಮಧ್ಯಾಹ್ನ ಕಾರು ಬುಸುಗುಟ್ಟಿ ನಿಂತಿತು. ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು. ಅಲ್ಲಿನ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ನೋಡಿ, “ಇದರದ್ದು ಸ್ವಿಚ್ ಸಿಗೋದು ಕಷ್ಟ ಸಾರ್. ಡೈರೆಕ್ಟ್ ಮಾಡಿಬಿಡ್ತೀನಿ, ಟೆನ್ಶನ್ನೇ ಇರಲ್ಲ,” ಎಂದ. ನಮ್ಮೂರಿನಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡುವುದಿಲ್ಲ, ಡೈರೆಕ್ಟ್ ಮಾಡುತ್ತಾರೆ. ಅಂದರೆ ನಡುವಿನ ಬುದ್ಧಿವಂತರನ್ನೆಲ್ಲ ಬದಿಗೆ ಸರಿಸಿ ಬ್ಯಾಟರಿಯಿಂದಲೇ ತಂತಿ ಎಳೆದು, ಕೈಗೆ ಸಿಗುವ ಹಾಗೆ ಒಂದು ಸ್ವಿಚ್ಚು ಕೂರಿಸಿಬಿಡುವುದು. ಆತ ಕೂರಿಸಿದ್ದು ಬಚ್ಚಲುಮನೆಯ ದೀಪಕ್ಕೆ ಹಾಕುವಂಥ ಕಪ್ಪು ಸ್ವಿಚ್ಚು. ತಂತಿ ಎಡಗಡೆಯಿಂದ ಬಂದದ್ದರಿಂದ ಸ್ವಿಚ್ಚೂ ಎಡಗಡೆಗೇ ಬಂತು, ಅಕ್ಕ ಕೂರುವ ಸೀಟಿನ ಮುಂದೆ.

“ಯಾವಾಗ್ಲೂ ಹಾಕಿಟ್ರೆ ಮೋಟರ್ ಸುಟ್ಟೋಗತ್ತೆ ಸಾರ್. ಬಿಸಿ ತೋರಿಸೋ ಮುಳ್ಳು ಅರ್ಧ ದಾಟಿದ್ರೆ ಹಾಕಿ, ಇಳಿದ್ರೆ ತೆಗೀರಿ,” ಎಂದು ಹೇಳಿ ಆತ ಕೈ ತೊಳೆದುಕೊಂಡ. ಅಂದಿನಿಂದ ಹಾಕುವುದು, ತೆಗೆಯುವುದು ಎರಡೂ ಅಕ್ಕನದಾಯಿತು.

ಆ ಕಾರಿನಲ್ಲಿ ಕೂತವರಿಗೆ ಬೇರೆ ಮಾತೇ ಕೇಳಿಸುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಕೂಡಲೇ ಭಾವ, “ಗಿರಿಜಾ, ಹೇಗಿದೆ?” ಎನ್ನುವರು. ಅಕ್ಕ ಬಲಕ್ಕೆ ಬಾಗಿ ಮುಳ್ಳು ನೋಡಿ, “ಅರ್ಧಕ್ಕೆ ಬಂದಿದೆ. ಹಾಕ್ಲಾ?” ಎನ್ನುವಳು. “ನೀನೇ ನೋಡು,” ಎನ್ನುವರು ಭಾವ. ಅಕ್ಕ ನೋಡುವಳು, ಯೋಚಿಸುವಳು, ಹಾಕುವಳು. ಕೆಲವು ತಿಂಗಳಲ್ಲಿ ಮುಳ್ಳು ನೋಡುವುದನ್ನೂ ಬಿಟ್ಟಳು. ಎಂಜಿನ್ನಿನ ದನಿ ದಪ್ಪಗಾದದ್ದರಲ್ಲೇ ಅವಳಿಗೆ ತಿಳಿಯುತ್ತಿತ್ತು. ಟೋಲ್‌ಗೇಟಿನ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಭಾವ ಕೇಳುವ ಮೊದಲೇ, “ಹಾಕಿದೀನಿ, ನೀವು ಮುಂದೆ ನೋಡ್ರಿ,” ಎಂದುಬಿಡುವಳು.

ಒಂದೇ ಒಂದು ಸಲ ಅವಳು ತೆಗೆಯುವುದನ್ನು ಮರೆತಳು. ರಾಜಾಜಿನಗರದ ಛತ್ರದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಊಟ ಮುಗಿಸಿ ತಾಂಬೂಲ ಹಿಡಿದು ಬಂದರೆ, ಬ್ಯಾಟರಿಯೆಲ್ಲ ಫ್ಯಾನೇ ಕುಡಿದು ಮುಗಿಸಿತ್ತು. ಡೈರೆಕ್ಟಿನ ಗುಣವೇ ಅದು, ಕೀಲಿ ತೆಗೆದರೂ ಫ್ಯಾನಿಗೆ ಗೊತ್ತಾಗುವುದಿಲ್ಲ. ಪಂಚೆ ಎತ್ತಿಕಟ್ಟಿದ ಬೀಗರೂ ರೇಷ್ಮೆ ಸೀರೆಯ ಅತ್ತೆಯರೂ ಸೇರಿ ಹೋಳಿಗೆ ಉಂಡ ಹೊಟ್ಟೆಯಲ್ಲಿ ಕಾರು ತಳ್ಳಿದರು. ಅಕ್ಕನ ಮುಖ ಚಿಕ್ಕದಾಗಿತ್ತು. ಭಾವ ಬೈಯಲಿಲ್ಲ. ಮನೆಗೆ ಬಂದ ಮೇಲೆ, “ಎಲ್ಲರಿಗೂ ಊಟ ಅರಗಿತು ಬಿಡು,” ಎಂದರು. ಅವತ್ತು ಅಕ್ಕ ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಭಾವ ಕೆಟ್ಟವರಲ್ಲ. ಆದರೆ ಆ ಮನೆಯಲ್ಲಿ ಸಾರಿಗೆ ಖಾರ ಎಷ್ಟು ಎಂಬುದರಿಂದ ಹಿಡಿದು ಯಾವ ನೆಂಟರ ಮನೆಗೆ ಯಾವಾಗ ಹೋಗಬೇಕು ಎಂಬುದರವರೆಗೆ ಅವರದೇ ತೀರ್ಮಾನ. ಅಕ್ಕನೂ ಅದಕ್ಕೆ ಎದುರಾಡಿದವಳಲ್ಲ. ಕಾರು ಹತ್ತಿದಾಗ ಮಾತ್ರ ಅವರು ಕೇಳುವರು, ಅವಳು ಹೇಳುವಳು. ‘ನೀನೇ ನೋಡು’ ಎಂಬ ಮಾತನ್ನು ಭಾವನ ಬಾಯಲ್ಲಿ ನಾನು ಬೇರೆಲ್ಲೂ ಕೇಳಲಿಲ್ಲ. ಇದೆಲ್ಲ ಆಗ ನನಗೆ ಹೊಳೆದಿರಲಿಲ್ಲ. ನನ್ನ ಗಮನ ಕ್ಯಾನಿನ ನೀರು ಪ್ಯಾಂಟಿನ ಮೇಲೆ ಚೆಲ್ಲದಿರಲಿ ಎಂಬುದರ ಮೇಲಿತ್ತು.

ವರ್ಷಗಳು ಕಳೆದವು. ನಾನು ಮದುವೆಯಾಗಿ ನಾಗರಬಾವಿಗೆ ಮನೆ ಮಾಡಿದೆ. ಒಂದು ಚಳಿಗಾಲದಲ್ಲಿ ಅಕ್ಕ, ಸ್ವಿಚ್ಚು ಹಾಕಲು ಚಾಚುವ ಎಡಗೈಯ ಭುಜ ನೋಯುತ್ತಿದೆ ಎಂದಳು. ಯಾರಿಗೂ ಹೇಳದೆ ಭಾವ ಕಾರನ್ನು ಬಾಪೂಜಿ ನಗರಕ್ಕೆ ಒಯ್ದು, ಅಲ್ಲಿ ಹುಡುಕಿ ಹೊಸ ಹಿತ್ತಾಳೆ ಸ್ವಿಚ್ಚು ತರಿಸಿ, ಹೊಸ ರಿಲೇ ಹಾಕಿಸಿ, ಫ್ಯಾನನ್ನು ಮೊದಲಿನಂತೆ ತನ್ನಷ್ಟಕ್ಕೆ ಓಡುವ ಹಾಗೆ ಮಾಡಿಸಿಕೊಂಡು ಬಂದರು. ಕಪ್ಪು ಸ್ವಿಚ್ಚು ಹೋಗಿತ್ತು. ಅದಿದ್ದ ತೂತು ಕಾಣದಂತೆ ಒಂದು ಪುಟ್ಟ ಗಣಪನನ್ನು ಅಂಟಿಸಿದ್ದರು.

ಆ ಭಾನುವಾರ ನಮ್ಮನ್ನೂ ಕರೆದುಕೊಂಡು ಕೆಂಗೇರಿಯ ಕಡೆ ಒಂದು ಸುತ್ತು ಹೊರಟರು. ಮೈಸೂರು ರಸ್ತೆಯ ಜಾಮಿನಲ್ಲಿ ಕಾರು ನಿಂತಿತು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು, ಗಣಪನಿಗೆ ತಗುಲಿತು, ಮಡಿಲಿಗೆ ಹಿಂತಿರುಗಿತು. ಅಷ್ಟರಲ್ಲಿ ಫ್ಯಾನು ತಾನೇ ಗುಂಯ್ ಎಂದಿತು. ಭಾವನಿಗೆ ಹಬ್ಬ. “ನೋಡಿದ್ಯಾ? ನಿನ್ನ ಕೆಲಸ ಇನ್ಮೇಲೆ ಗಣಪ ನೋಡ್ಕೋತಾನೆ. ನೀನು ಆರಾಮಾಗಿ ಕೂತ್ಕೋ,” ಎಂದರು. ಅಕ್ಕ, “ಹೂಂ, ಒಳ್ಳೇದಾಯ್ತು ಬಿಡಿ,” ಎಂದು ಕಿಟಕಿಯ ಕಡೆ ತಿರುಗಿದಳು. ಆಮೇಲೆ ದಾರಿಯುದ್ದಕ್ಕೂ ಆ ಕಾರಿನಲ್ಲಿ ಮಾತೇ ಇರಲಿಲ್ಲ.

ಮುಂದಿನ ಸಲ ಅವಳು, “ಮುಂದೆ ಬಿಸಿಲು ಹೊಡೆಯತ್ತೆ,” ಎಂದು ಹಿಂದೆ ಕೂತಳು. ಅದರ ಮುಂದಿನ ಸಲ ಮಂಡಿನೋವು. ಕೊನೆಕೊನೆಗೆ, “ನೀವು ಹೋಗ್ಬನ್ನಿ,” ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ತರಕಾರಿಗೆ ಅದೇ ನೋಯುವ ಮಂಡಿಯಲ್ಲಿ ವಿಜಯನಗರದ ಮಾರ್ಕೆಟ್ಟಿಗೆ ನಡೆದೇ ಹೋಗಿ ಬರುತ್ತಿದ್ದಳು.

ಒಮ್ಮೆ ಅವರೆಕಾಯಿಯ ಕಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಇಬ್ಬರೂ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆವು. “ಕಾರು ಕಂಡ್ರೆ ಯಾಕೆ ಅಷ್ಟು ಕೋಪ?” ಎಂದು ತಮಾಷೆಗೆ ಕೇಳಿದೆ. ಅವಳು ತಲೆಯೆತ್ತಲಿಲ್ಲ. “ಕೋಪ ಏನಿಲ್ಲ ಕಣೋ. ಮೊದ್ಲು ಹೇಗಿದೆ ಅಂತ ನನ್ನ ಕೇಳ್ತಿದ್ರು. ಈಗ ಕೇಳೋಕೆ ಏನಿದೆ? ಸುಮ್ನೆ ಮೂಟೆ ಥರ ಕೂತಿರಬೇಕು.” ಹಿಚುಕಿದ ಬೇಳೆಯನ್ನು ಪಾತ್ರೆಗೆ ಹಾಕುತ್ತಾ, “ಅವರ ಹತ್ರ ಹೇಳ್ಬೇಡ. ಪಾಪ, ನನಗೋಸ್ಕರ ಮಾಡಿಸಿದಾರೆ. ತಿಳಿದ್ರೆ ನೊಂದ್ಕೋತಾರೆ,” ಎಂದಳು. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಕಷ್ಟದ ಮಾತೇನೂ ಆಗಿರಲಿಲ್ಲ, ಬದುಕಿರುವವರ ನಡುವೆ ಹೇಳಿಕೊಳ್ಳಲು ಬೇಕಾದಷ್ಟು ಹೊತ್ತಿದೆ ಎಂದುಕೊಂಡಿದ್ದೆ.

ಅಕ್ಕ ಹೋದ ಮೇಲೆ ಭಾವ ಕಾರನ್ನು ಮಾರಿದರು. ಆದರೆ ನಾನು ಹೋದಾಗಲೆಲ್ಲ ಎಲ್ಲಿಂದಲೋ ಶುರುವಾದ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. “ಮಂಡಿನೋವಿಂದ ತಾನೇ ಅವಳು ಕಾರ್ ಹತ್ತೋದು ಬಿಟ್ಟಿದ್ದು?” “ಹೌದು ಭಾವ.” “ಬೇರೆ ಏನೂ ಇಲ್ಲ ಅಲ್ವಾ?” “ಏನೂ ಇಲ್ಲ ಭಾವ.” ಅವರು ತಲೆದೂಗುತ್ತಾರೆ. ನಂಬುತ್ತಾರೋ ಇಲ್ಲವೋ, ಮುಂದಿನ ಸಲ ಮತ್ತೆ ಕೇಳುತ್ತಾರೆ.

ಇವತ್ತೂ ಕೇಳಿದರು. ಕಾಫಿ ಅವರೇ ಮಾಡಿ ತಂದಿದ್ದರು, ಸಕ್ಕರೆ ಜಾಸ್ತಿಯಾಗಿತ್ತು. ಹೌದು ಭಾವ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಈ ಮನುಷ್ಯ ಇನ್ನೆಷ್ಟು ಸಲ ಇದೇ ಪ್ರಶ್ನೆ ಕೇಳಬೇಕು ಎನ್ನಿಸಿಬಿಟ್ಟಿತು. “ಮಂಡಿನೋವಲ್ಲ ಭಾವ. ಆ ಫ್ಯಾನ್ ಸ್ವಿಚ್ಚು ಹಾಕೋದು ಅವಳಿಗೆ ಇಷ್ಟ ಇತ್ತು. ನೀವು ಹೇಗಿದೆ ಅಂತ ಕೇಳೋದು ಇಷ್ಟ ಇತ್ತು,” ಎಂದೆ.

ಭಾವ ಲೋಟ ಕೆಳಗಿಟ್ಟರು. “ಭುಜ ನೋವು ಅಂದ್ಲಲ್ಲೋ. ಅದಕ್ಕೇ ತೆಗೆಸಿದ್ದು.”

“ಗೊತ್ತು. ಅವಳಿಗೂ ಗೊತ್ತಿತ್ತು.”

“ಗೊತ್ತಿದ್ದೂ ನನಗೊಂದು ಮಾತು ಹೇಳ್ಲಿಲ್ವಾ?”

“ಗೊತ್ತಿದ್ದಕ್ಕೇ ಹೇಳ್ಲಿಲ್ಲ ಭಾವ.”

ಸತ್ತವಳಿಗೆ ಕೊಟ್ಟ ಮಾತು ಮುರಿದು, ಬದುಕಿರುವವರ ಸಮಾಧಾನವನ್ನೂ ಕಿತ್ತುಕೊಂಡೆನಲ್ಲ ಎನ್ನಿಸಿತು. ಭಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ, “ನಾನೇ ಕೇಳ್ಬೋದಿತ್ತು,” ಎಂದರು.

ಹೊರಟು ನಿಂತಾಗ ಗೇಟಿನವರೆಗೂ ಬಂದರು. ನನ್ನ ಮೇಲೆ ಬೇಸರವಾಯಿತೇ ಎಂದು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವರೇ ನನ್ನ ತೋಳು ಹಿಡಿದುಕೊಂಡರು.

“ನಾಳೆ ಬಾ,” ಎಂದರು. “ಅವಳು ನಿನ್ನ ಹತ್ರ ಇನ್ನೇನೇನ್ ಹೇಳಿದ್ಲು, ಅದನ್ನೂ ಹೇಳು.”