ತಡೀರಿ ಮಾವನ ಶ್ರುತಿ

ಕ್ಲಬ್ಬಿನಲ್ಲಿ ದರ್ಜಿಗೆ ಬಿದ್ದ ಹೆಸರು ತಡೀರಿ ಮಾವ. ಶನಿವಾರ ಸಂಜೆ ಬಣ್ಣದಂಗಡಿಯ ಮಹಡಿಯಲ್ಲಿ ಜನಪದ ಹಾಡಿನ ಗೆಳೆಯರೆಲ್ಲ ಕೂತು ಇನ್ನೇನು ಶುರು ಎನ್ನುವಾಗ, "ತಡೀರಿ, ತಡೀರಿ, ಶ್ರುತಿ ಸರಿಯಿಲ್ಲ" ಎಂದು ಅವನು ಗಿಟಾರಿಗೆ ಕಿವಿ ಹಚ್ಚಿದರೆ ಮುಗಿಯಿತು. ಚಹಾ ಆರುತ್ತದೆ, ಡೋಲಿನವನು ಆಕಳಿಸಿ, "ಮಾವ, ನಿಮ್ಮ ಶ್ರುತಿ ಕೂಡೋಷ್ಟರಲ್ಲಿ ನನ್ನ ಮಗಳ ಮದುವೆ ಆಗಿಹೋಗುತ್ತೆ" ಎನ್ನುತ್ತಾನೆ. ಯಮ ಬಂದು ನಿಂತರೂ ತಡೀರಿ ಅಂದು, ತಂತಿ ಮೀಟಿ ನೋಡಿಯೇ ಹೊರಡುವ ಆಸಾಮಿ. ತನ್ನದು ಮುಗಿದ ಮೇಲೆ ಪಕ್ಕದವರ ಮ್ಯಾಂಡೊಲಿನ್ನನ್ನೂ ಕಸಿದುಕೊಂಡು ಅದರ ಕಿವಿ ಹಿಂಡುತ್ತಾನೆ. ತನ್ನ ಹೊಲಿಗೆ ಅಂಗಡಿಯಲ್ಲೂ ಅವನದು ಎಲ್ಲ ಸರಿಮಾಡುವ ಅದೇ ಸ್ವಭಾವ: ಗಿರಾಕಿ ದಪ್ಪಗಾಗಿದ್ದರೆ ಬಾಯಿಬಿಟ್ಟು ಹೇಳದೆ, ಒಳಹೊಲಿಗೆ ಬಿಚ್ಚಿ ಸಡಿಲ ಮಾಡಿ, "ಬಟ್ಟೆ ಕುಗ್ಗಿತ್ತು ನೋಡಿ" ಎಂದು ಕೊಡುತ್ತಾನೆ. ಗುಂಪಿನ ಹಾಡುಗಾರ್ತಿ, ಎಲ್ಲರೂ ಅಕ್ಕ ಎನ್ನುವ ನಿವೃತ್ತ ನರ್ಸಮ್ಮ, ಹೋದ ವರ್ಷ ಒಮ್ಮೆ ಮೇಲಿನ ಸ್ವರದಲ್ಲಿ ದನಿ ಒಡೆದು, ಹಾಡನ್ನು ಅರ್ಧಕ್ಕೇ ಬಿಟ್ಟು ಕೂತುಬಿಟ್ಟಿದ್ದರು. ಅಂದಿನಿಂದ ಮಾವ ಎಲ್ಲರ ತಂತಿಗಳನ್ನೂ ಒಂದಿಷ್ಟು ಇಳಿಸಿಯೇ ಶ್ರುತಿ ಕೂಡಿಸುತ್ತಾನೆ. ಕೊಳಲನ್ನು ಹಾಗೆ ಇಳಿಸಲು ಬರುವುದಿಲ್ಲವಲ್ಲ. ಕೊಳಲಿನವನು ತುಟಿ ಪಿಟಕ್ಕೆನ್ನದೆ, ದನಿ ತಗ್ಗಿರುವ ಇನ್ನೊಂದು ಉದ್ದನೆಯ ಕೊಳಲು ತಂದ. ಈಗ ಅಕ್ಕ ಆ ಜಾಗವನ್ನು ಸಲೀಸಾಗಿ ದಾಟಿ, "ನೋಡಿದ್ರಾ, ನನ್ನ ಗಂಟಲಿಗೆ ಇನ್ನೂ ವಯಸ್ಸಾಗಿಲ್ಲ!" ಎಂದು ಬೀಗುತ್ತಾರೆ. ಮಾವ ಗಿಟಾರಿನ ಮೇಲೆ ಬಗ್ಗಿಕೊಂಡೇ, "ನಿಮಗೆಲ್ಲಿಯ ವಯಸ್ಸು ಅಕ್ಕ? ವಯಸ್ಸಾಗಿರೋದು ಈ ತಂತಿಗಳಿಗೆ" ಎನ್ನುತ್ತಾನೆ.